ನಾಯಿಯ ಗಾಯಕ್ಕೆ ಹುಳ ಬಿದ್ದಾಗ ನಾನು ಮಾಡುವುದು

"ಫಿನಾಯಿಲ್ ಹಾಕೀವ್ರಿ, ಹುಳ ಎಲ್ಲಾ ಸತ್ತಾವು." ಮಳೆಗಾಲದಲ್ಲಿ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಈ ಮಾತು ಕೇಳಿದರೆ ಕೆಲಸ ಎರಡು ಪಟ್ಟಾಯಿತು ಅಂತಲೇ ಲೆಕ್ಕ. ಸತ್ತ ಹುಳ ಗಾಯದೊಳಗೇ ಕೊಳೆಯುತ್ತದೆ. ಫಿನಾಯಿಲ್ ಹಸಿ ಮಾಂಸವನ್ನು ಸುಡುತ್ತದೆ, ನಾಯಿ ಅದನ್ನೇ ನೆಕ್ಕಿ ಹೊಟ್ಟೆಗೂ ಇಳಿಸಿಕೊಳ್ಳುತ್ತದೆ. ಡಾಂಬರ್ ಗುಳಿಗೆ ಪುಡಿ, ಸೀಮೆಎಣ್ಣೆ, ಪೆಟ್ರೋಲ್ ಕೂಡ ವಿಷವೇ. ಹುಳವನ್ನು ಒಂದೊಂದಾಗಿ ಹೊರಗೆ ತೆಗೆಯಬೇಕು, ತೊಳೆಯಬೇಕು, ಮತ್ತೆ ನೊಣ ಕೂರದಂತೆ ಕಾಯಬೇಕು. ಹೊಲಸು ಕೆಲಸ ನಿಜ, ಆದರೆ ನಾಯಿ ಬದುಕುವುದು ಇದರಿಂದಲೇ.

ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣ ಹಸಿ ಗಾಯದ ಅಂಚಿಗೆ ಒಮ್ಮೆಗೆ ಸುಮಾರು 150ರಿಂದ 200 ಮೊಟ್ಟೆ ಇಡುತ್ತದೆ. ಮೊಟ್ಟೆ 12ರಿಂದ 24 ಗಂಟೆಯಲ್ಲಿ ಒಡೆಯುತ್ತದೆ. ಮರಿಹುಳ 5ರಿಂದ 7 ದಿನ ಮಾಂಸ ತಿಂದು, ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಆದ್ದರಿಂದ ಒಂದು ಸೆಂಟಿಮೀಟರಿಗೂ ಉದ್ದದ ದಪ್ಪ ಹುಳ ಕಂಡರೆ ಗಾಯ ಇವತ್ತಿನದಲ್ಲ, ಒಳಗೆ ಸುರಂಗ ಇದ್ದೇ ಇರುತ್ತದೆ.

ಹುಳ ಕಾಣುವ ಮೊದಲೇ ವಾಸನೆ ಬರುತ್ತದೆ. ಕೊಳೆತ, ಸ್ವಲ್ಪ ಸಿಹಿ ಬೆರೆತ ವಾಸನೆ. ಜೊತೆಗೆ ರಕ್ತ ಬೆರೆತ ನೀರು ಸೋರುತ್ತದೆ, ನಾಯಿ ಒಂದೇ ಜಾಗ ನೆಕ್ಕುತ್ತಿರುತ್ತದೆ. ಕಿವಿಯ ಬುಡ, ಕುತ್ತಿಗೆಯ ಕೆಳಗೆ, ಬಾಲದಡಿ, ಮರ್ಮಾಂಗದ ಸುತ್ತ ಬೆರಳಾಡಿಸಿ ನೋಡುತ್ತೇನೆ. ಪಾದದ ಬೆರಳ ಸಂದುಗಳನ್ನಂತೂ ಬಿಡುವುದೇ ಇಲ್ಲ. ನಮ್ಮ ಕಡೆಯ ಯರಿ ಮಣ್ಣು, ಅಂದರೆ ಜಿಗುಟು ಕಪ್ಪು ಮಣ್ಣು, ಕೂದಲಿಗೆ ಅಂಟಿ ಒಣಗಿ ಹೆಪ್ಪಾಗುತ್ತದೆ. ಅದರಡಿ ಹುಳ ಇದ್ದರೂ ಮೇಲಿನಿಂದ ಕಾಣುವುದಿಲ್ಲ. ಬೆಚ್ಚಗಿನ ನೀರಲ್ಲಿ ಪಾದ ನೆನೆಸಿ ಹೆಪ್ಪು ಬಿಡಿಸಿದ ಮೇಲೆಯೇ ಏನಿದೆ ಅಂತ ಹೇಳಲು ಬರುತ್ತದೆ. ಗದಗ ಸೀಮೆಯ ಕುರಿಹಟ್ಟಿ ನಾಯಿಗಳಲ್ಲೂ ಪಾದವನ್ನೇ ಮೊದಲು ನೋಡುವುದು ಒಳ್ಳೆಯದು.

ಕೈಗವಸು ಇಲ್ಲದೆ ಮುಟ್ಟಬಾರದು. ಬೀದಿ ನಾಯಿಗಳ ಜೊತೆ ಕೆಲಸ ಮಾಡುವವರು ಕಡಿತಕ್ಕೆ ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು: 0, 7, ಆಮೇಲೆ 21 ಅಥವಾ 28ನೇ ದಿನ. ಆದರೂ ಕಡಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಎಷ್ಟೇ ಸಾಧು ನಾಯಿಯಾದರೂ ನೋವಿಗೆ ಕಚ್ಚುತ್ತದೆ. ಒಂದು ಮೀಟರ್ ಬ್ಯಾಂಡೇಜ್ ಬಟ್ಟೆಯನ್ನು ಮೂತಿಗೆ ಸುತ್ತಿ, ಗದ್ದದಡಿ ಗಂಟು ಹಾಕಿ, ಕಿವಿಗಳ ಹಿಂದೆ ಬಿಗಿಯುತ್ತೇನೆ. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ಪಗ್‌ನಂಥ ಮೊಂಡು ಮೂಗಿನ ತಳಿಯಾದರೆ ಬಾಯಿ ಕಟ್ಟಬಾರದು.

ಗಾಯದ ಗುಂಡಿಗೆ ಸಲೈನಿನಲ್ಲಿ (ಔಷಧಿ ಅಂಗಡಿಯ ಉಪ್ಪುನೀರು) ನೆನೆಸಿದ ಗಾಜ್, ಅಂದರೆ ಗಾಯಕ್ಕೆ ಬಳಸುವ ಜಾಳು ಬಟ್ಟೆ ತುಂಬಿ, ಸುತ್ತ ಎರಡು ಮೂರು ಸೆಂಟಿಮೀಟರ್ ಕೂದಲು ಕತ್ತರಿಸುತ್ತೇನೆ. ಗಾಜ್ ಇದ್ದರೆ ಕೂದಲು ಒಳಗೆ ಬೀಳುವುದಿಲ್ಲ, ಅಂಚಿನ ಬಿಳಿ ಮೊಟ್ಟೆಗಳೂ ಕೂದಲ ಜೊತೆಗೇ ಹೋಗುತ್ತವೆ. ಗಾಜ್ ತೆಗೆದ ಮೇಲೆ ಒಳ್ಳೆ ಟಾರ್ಚ್ ಬೆಳಕು, ಮೊಂಡು ತುದಿಯ ಚಿಮಟ. ಹುಳ ತಲೆ ಕೆಳಗೆ ಮಾಡಿ ಮಾಂಸ ಕಚ್ಚಿಕೊಂಡಿರುತ್ತದೆ, ಉಸಿರಾಡುವ ರಂಧ್ರ ಬಾಲದ ತುದಿಯಲ್ಲಿರುತ್ತದೆ. ಮೇಲೆ ಅಲುಗಾಡುವುದು ಆ ತುದಿ. ಮೈಸುತ್ತ ಮುಳ್ಳಿನ ಸಾಲುಗಳಿರುವುದರಿಂದ ಎಳೆದ ಕೂಡಲೇ ಬರುವುದಿಲ್ಲ. ಜಗ್ಗಿದರೆ ತುಂಡಾಗಿ ಅರ್ಧ ಒಳಗೇ ಉಳಿದು ಕೀವು ಕಟ್ಟುತ್ತದೆ. ಗಾಯದ ತುಂಬ ವ್ಯಾಸಲೀನ್ ಮೆತ್ತಿ ಸ್ವಲ್ಪ ಹೊತ್ತು ಕಾದರೆ ಉಸಿರಿಗಾಗಿ ಮೇಲೇರುತ್ತವೆ. ಆಗ ಹಿಡಿದು, ಸಡಿಲವಾಗುವವರೆಗೆ ತಡೆದು, ನಿಧಾನ ಎಳೆಯುತ್ತೇನೆ. ಟರ್ಪೆಂಟೈನ್ ಅದ್ದಿದ ಗಾಜ್ ತುರುಕುವ ರೂಢಿ ಇದೆ. ಹುಳ ಬೇಗ ಏಳುತ್ತದೆ, ಆದರೆ ಉರಿ ವಿಪರೀತ, ರಕ್ತಕ್ಕೂ ಸೇರುತ್ತದೆ. ಕಣ್ಣು, ಕಿವಿ, ಬಾಯಿ, ಮರ್ಮಾಂಗದ ಹತ್ತಿರ ಅದು ಬೇಡವೇ ಬೇಡ. ಬೇರೆ ಕಡೆಯೂ ನಾನು ಬಳಸುವುದಿಲ್ಲ.

ತೆಗೆದ ಹುಳಗಳನ್ನು ನೆಲಕ್ಕೆ ಚೆಲ್ಲಬಾರದು, ಮಣ್ಣು ಸೇರಿದರೆ ಮತ್ತೆ ನೊಣವಾಗುತ್ತವೆ. ಕುದಿನೀರಿನ ಡಬ್ಬಿಗೇ ಹಾಕಬೇಕು.

ತೊಳೆಯಲು 500 ಮಿ.ಲೀ. ಸಲೈನ್ ಬಾಟಲಿ ಸಾಕಾಗುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು. 20 ಮಿ.ಲೀ. ಸಿರಿಂಜಿಗೆ 18 ಗೇಜ್ ಸೂಜಿ ಹಾಕಿ, ತುದಿ ಮಾಂಸಕ್ಕೆ ತಾಗದಂತೆ ದೂರ ಹಿಡಿದು ಚಿಮ್ಮಿಸಿದರೆ ಮೂಲೆಯ ಹುಳವೂ ಹೊರಬೀಳುತ್ತದೆ. ಕೊನೆಗೆ ಒಂದು ಲೀಟರ್ ಸಲೈನಿಗೆ 10 ಮಿ.ಲೀ. ಲೆಕ್ಕದಲ್ಲಿ 10% ಪೊವಿಡೋನ್ ಅಯೋಡಿನ್ (ಗಾಯದ ಸೋಂಕು ತಡೆಯುವ ಕಂದು ದ್ರಾವಣ) ಬೆರೆಸಿ ತೊಳೆಯುತ್ತೇನೆ. ಬಣ್ಣ ತಿಳಿ ಚಹಾದಂತಿದ್ದರೆ ಸಾಕು. ಗಾಢವಾದಷ್ಟೂ ಹೊಸ ಮಾಂಸಕ್ಕೇ ಕೇಡು. ಹೈಡ್ರೋಜನ್ ಪೆರಾಕ್ಸೈಡ್ ದಿನಾ ಹಾಕಿದರೂ ಅದೇ ಕೇಡು.

ಎಲ್ಲ ತೆಗೆದೆವು ಅನ್ನಿಸಿದರೂ 12 ಗಂಟೆ ಬಿಟ್ಟು ಮತ್ತೆ ನೋಡಬೇಕು, ಆಳದಲ್ಲಿ ಉಳಿದವು ಆಗ ಮೇಲೆ ಬಂದಿರುತ್ತವೆ. ಮೊದಲ ಮೂರು ದಿನ, ದಿನಕ್ಕೆ ಎರಡು ಸಲ ಬಿಚ್ಚಿ ತೊಳೆಯುತ್ತೇನೆ. ಈ ಗಾಯಕ್ಕೆ ಹೊಲಿಗೆ ಹಾಕಿ ಮುಚ್ಚುವಂತಿಲ್ಲ, ತಳದಿಂದ ತುಂಬಿಕೊಂಡು ಬರಬೇಕು. ಗುಲಾಬಿ ಬಣ್ಣದ ಕಾಳುಕಾಳು ಮಾಂಸ ಕಂಡರೆ ಸರಿಯಾಗಿ ಮಾಯುತ್ತಿದೆ. ಸುತ್ತಲಿನ ಚರ್ಮಕ್ಕೆ ನೊಣ ಓಡಿಸುವ ಸ್ಪ್ರೇ ಹೊಡೆದು, ಮೇಲೆ ಒಣ ಗಾಜ್ ಕಟ್ಟುತ್ತೇನೆ. ಬ್ಯಾಂಡೇಜ್ ಒದ್ದೆಯಾದರೆ ತಕ್ಷಣ ಬದಲಿಸಬೇಕು. ಒದ್ದೆ ಬ್ಯಾಂಡೇಜಿಗಿಂತ ಬರಿಗಾಯವೇ ವಾಸಿ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹೊರಗೆ ಹೋಗುವಾಗ ಮಾತ್ರ.

ಕಣ್ಣು, ಕಿವಿಯ ಒಳಭಾಗ, ಬಾಯಿ, ಎದೆ-ಹೊಟ್ಟೆಗೆ ತೂತಾದ ಗಾಯ ಇವನ್ನು ಮನೆಯಲ್ಲಿ ಮುಟ್ಟುವುದೇ ಬೇಡ. ಒಸಡು ಬಿಳುಚಿದ್ದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ನಾಯಿ ಏಳದಿದ್ದರೆ ಅದೇ ಹೊತ್ತಿಗೆ ಪಶು ಆಸ್ಪತ್ರೆಗೆ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹುಳಕ್ಕೆ ಮಾತ್ರೆ, ಆಂಟಿಬಯೋಟಿಕ್, ನೋವಿನ ಔಷಧ ಎಲ್ಲವೂ ತೂಕ ನೋಡಿ ವೈದ್ಯರೇ ಕೊಡಬೇಕು. ಹುಳ ಸಾಯಿಸುವ ಐವರ್ಮೆಕ್ಟಿನ್ ಔಷಧ ಕೋಲಿಯಂಥ ತಳಿಗಳಿಗೆ ಪ್ರಾಣಾಪಾಯ. ನಮ್ಮ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳುಮಾಡುತ್ತವೆ. ಮಾಯುವವರೆಗೆ ನೆಕ್ಕದಂತೆ ಕೊರಳಿಗೆ ಕೋನ್ ಇರಲಿ. ಹಳೇ ಎಕ್ಸ್-ರೇ ಹಾಳೆಯಲ್ಲೂ ಮಾಡಬಹುದು. ಅಂಚು ಮೂಗಿಗಿಂತ ಎರಡು ಮೂರು ಸೆಂಟಿಮೀಟರ್ ಮುಂದೆ ಬರಬೇಕು, ಕೊರಳ ಬಳಿ ಎರಡು ಬೆರಳು ತೂರಬೇಕು.