ತಾಯಿ ಕಳೆದುಕೊಂಡ ಹೆಬ್ಬಾತಿನ ಮೊಟ್ಟೆಗಳಿಗೆ ಮನೆಯಲ್ಲೇ ಕಾವು ಕೊಡುವ ಕ್ರಮ

ತೋಟದ ಮನೆಗಳಲ್ಲಿ ಕಾವಲಿಗೆಂದು ಸಾಕುವ ಹೆಬ್ಬಾತು, ಕಾವಿಗೆ ಕೂತ ದಿನಗಳಲ್ಲಿ ಗೂಡು ಬಿಟ್ಟು ಏಳಲೊಪ್ಪದ ಕಾರಣ, ರಾತ್ರಿ ಹೊತ್ತು ಬೀದಿನಾಯಿಗಳಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಬೆಳಿಗ್ಗೆ ನೋಡುವಾಗ ಉಳಿದಿರುವುದು ಚದುರಿದ ಗರಿಗಳು ಮತ್ತು ತಣ್ಣಗಾದ ಮೊಟ್ಟೆಗಳು ಮಾತ್ರ. ತಣ್ಣಗಿವೆ ಎಂಬ ಒಂದೇ ಕಾರಣಕ್ಕೆ ಅವನ್ನು ಎಸೆಯಬೇಡಿ. ಕೆಲವು ಗಂಟೆಗಳ ತಂಪನ್ನು ತಾಳಿಕೊಂಡು ಬದುಕುವ ಭ್ರೂಣಗಳಿವೆ. ಇಲ್ಲಿ ಹೇಳುತ್ತಿರುವುದು ಸಾಕಿದ ಹೆಬ್ಬಾತಿನ ವಿಷಯ. ಕೆರೆಯಂಚಿನಲ್ಲಿ ಗೂಡು ಕಟ್ಟುವ ಕಾಡುಹಕ್ಕಿಗಳ ಮೊಟ್ಟೆ ಸಿಕ್ಕರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಹೀಗೆ ಸಿಕ್ಕಿದ ಮೊಟ್ಟೆಗಳ ದೊಡ್ಡ ತೊಡಕೆಂದರೆ ಅವು ಎಷ್ಟು ದಿನ ಕಾವು ಕಂಡಿವೆ ಎಂಬುದು ನಮಗೆ ತಿಳಿಯದಿರುವುದು. ಹೆಬ್ಬಾತಿನ ಮರಿ ಹೊರಬರಲು ಸಾಮಾನ್ಯವಾಗಿ 28ರಿಂದ 32 ದಿನ ಬೇಕು, ಆದರೆ ಮೊದಲ ದಿನವೇ ಗೊತ್ತಿಲ್ಲದಾಗ ಆ ಲೆಕ್ಕದಿಂದ ಪ್ರಯೋಜನವಿಲ್ಲ. ಆದುದರಿಂದ ಮೊಟ್ಟೆಯನ್ನೇ ಓದಲು ಕಲಿಯಬೇಕು. ಕತ್ತಲೆ ಕೋಣೆಯಲ್ಲಿ ಅದರ ಅಗಲವಾದ ತುದಿಗೆ ಟಾರ್ಚ್ ಒತ್ತಿ ಹಿಡಿಯಿರಿ. ಬರಿಯ ಹಳದಿ ಬೆಳಕು ತುಂಬಿಕೊಂಡರೆ ಮೊಟ್ಟೆ ಬಂಜೆ ಅಥವಾ ಕಾವು ಈಗಷ್ಟೇ ಶುರುವಾಗಿದೆ. ಒಂದು ವಾರದ ಮೊಟ್ಟೆಯಲ್ಲಿ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳು ಕಾಣುತ್ತವೆ. ಮೂರನೆಯ ವಾರ ಕಳೆದಮೇಲೆ ಬಹುಭಾಗ ಕಪ್ಪಾಗಿ, ತುದಿಯ ಗಾಳಿಗೂಡು, ಅಂದರೆ ಗಾಳಿ ತುಂಬಿದ ಖಾಲಿ ಜಾಗ, ಮಾತ್ರ ಬೆಳ್ಳಗೆ ಉಳಿಯುತ್ತದೆ. ನರಗಳಿಲ್ಲದೆ ರಕ್ತದ ಉಂಗುರವೊಂದೇ ಕಂಡರೆ ಆ ಭ್ರೂಣ ಸತ್ತಿದೆ. ಕೆಟ್ಟ ವಾಸನೆ ಬರುವ ಮೊಟ್ಟೆಯನ್ನು ಕೂಡಲೇ ತೆಗೆದುಬಿಡಿ, ಏಕೆಂದರೆ ಅದು ಒಡೆದರೆ ಪಕ್ಕದವೂ ಹಾಳಾಗುತ್ತವೆ. ಸಂಶಯವಿದ್ದರೆ ಐದಾರು ದಿನ ಕಾವಿನಲ್ಲಿಟ್ಟು ಮತ್ತೆ ನೋಡುವುದು ಒಳ್ಳೆಯದು.

ಮೊಟ್ಟೆಗಳನ್ನು ತೊಳೆಯದೆ, ಅಂಟಿದ ಮಣ್ಣನ್ನು ಒಣಬಟ್ಟೆಯಿಂದ ಒರೆಸಿ, ಒಂದು ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಇನ್‌ಕ್ಯುಬೇಟರಿನಲ್ಲಿ, ಅಂದರೆ ಕಾವು ಕೊಡುವ ಯಂತ್ರದಲ್ಲಿ, ಅಡ್ಡಲಾಗಿ ಮಲಗಿಸಿ. ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 50ರಿಂದ 55 ಇರಲಿ. ಮಳೆಗಾಲದ ಕರಾವಳಿಯಲ್ಲಿ ತೇವಕ್ಕೆಂದು ಯಂತ್ರದೊಳಗೆ ಇಡುವ ನೀರಿನ ತಟ್ಟೆ ಬೇಡವಾಗಬಹುದು. ಮಾರ್ಚ್ ತಿಂಗಳ ಬಯಲುಸೀಮೆಯಲ್ಲಿ ಎರಡು ತಟ್ಟೆಯೂ ಸಾಲದಿರಬಹುದು. ತೇವ ಸರಿಯಿದೆಯೇ ಎಂದು ತಿಳಿಯಲು ತಕ್ಕಡಿಯೇ ನಂಬಿಕಸ್ಥ: 160 ಗ್ರಾಂ ತೂಕದ ಮೊಟ್ಟೆ ವಾರಕ್ಕೆ ಸುಮಾರು 5ರಿಂದ 6 ಗ್ರಾಂ ಇಳಿಯಬೇಕು. ಇಳಿಕೆ ಕಡಿಮೆಯಾದರೆ ನೀರು ಕಡಿಮೆ ಮಾಡಿ, ಹೆಚ್ಚಾದರೆ ನೀರು ಹೆಚ್ಚಿಸಿ. ದಿನಕ್ಕೆ ಮೂರು ಅಥವಾ ಐದು ಸಲ ಮೊಟ್ಟೆಯನ್ನು ಅರ್ಧಸುತ್ತು ಮಗುಚಬೇಕು. ಬೆಸಸಂಖ್ಯೆ ಏಕೆಂದರೆ, ದೀರ್ಘವಾದ ರಾತ್ರಿಯ ಹೊತ್ತು ಅದು ಪ್ರತಿದಿನ ಒಂದೇ ಬದಿಯಲ್ಲಿ ಮಲಗಿರಬಾರದು.

ಕೋಳಿಮೊಟ್ಟೆಗೆ ಕಾವು ಕೊಟ್ಟು ಅಭ್ಯಾಸವಿದ್ದವರು ಸಾಮಾನ್ಯವಾಗಿ ಮರೆಯುವುದು ತಂಪಾಗಿಸುವುದನ್ನು. ತಾಯಿ ಹೆಬ್ಬಾತು ದಿನಕ್ಕೊಮ್ಮೆ ಮೇಯಲು, ಮೀಯಲು ಎದ್ದುಹೋಗಿ ಒದ್ದೆ ಗರಿಗಳೊಂದಿಗೆ ಮರಳುತ್ತದೆ. ಅದು ಕೂರುವುದನ್ನು ಯಂತ್ರ ಮಾಡುತ್ತದೆ, ಏಳುವುದನ್ನು ನಾವೇ ಮಾಡಬೇಕು. ನರಗಳು ಚೆನ್ನಾಗಿ ಹರಡಿದ ನಂತರ, ಅಂದರೆ ಸುಮಾರು ಹತ್ತನೆಯ ದಿನದ ಬೆಳವಣಿಗೆಯಿಂದ, ದಿನಕ್ಕೊಮ್ಮೆ 10ರಿಂದ 15 ನಿಮಿಷ ಮುಚ್ಚಳ ತೆರೆದಿಟ್ಟು, ಉಗುರುಬೆಚ್ಚಗಿನ ನೀರನ್ನು ಹದವಾಗಿ ಸಿಂಪಡಿಸಿ ಮುಚ್ಚಿ. ಮುಚ್ಚಿದ ಕಣ್ಣಿನ ರೆಪ್ಪೆಗೆ ಮೊಟ್ಟೆ ತಾಗಿಸಿದಾಗ ಬಿಸಿಯೂ ಅಲ್ಲದ, ತಂಪೂ ಅಲ್ಲದ ಹದ ತಿಳಿದರೆ ಸಾಕು. ಕರೆಂಟು ಹೋದರೆ ಮುಚ್ಚಳ ತೆರೆಯದೆ ಕಂಬಳಿ ಹೊದಿಸಿ, ಗಾಳಿಯ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ.

ಗಾಳಿಗೂಡಿನ ಅಂಚು ಓರೆಯಾಗಿ ಇಳಿದು, ಅದರೊಳಗೆ ಕೊಕ್ಕಿನ ನೆರಳು ಅಲುಗಾಡಿದರೆ ಮರಿ ಸಿದ್ಧವಾಗಿದೆ. ಆಗ ಮಗುಚುವುದನ್ನೂ ತಂಪಾಗಿಸುವುದನ್ನೂ ನಿಲ್ಲಿಸಿ ತೇವಾಂಶವನ್ನು ಶೇ. 70ರಿಂದ 75ಕ್ಕೆ ಏರಿಸಿ. ಕಿವಿಗೊಟ್ಟರೆ ಚಿಪ್ಪಿನೊಳಗಿಂದ ಕೀರಲು ದನಿ, ನಡುನಡುವೆ ಟಿಕ್ ಟಿಕ್ ಎಂಬ ಸದ್ದು ಕೇಳುತ್ತದೆ. ಮೊದಲ ಬಿರುಕಿನಿಂದ ಮರಿ ಹೊರಬರಲು ಒಂದೆರಡು ದಿನ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಮರಿ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಚಿಪ್ಪಿನ ಒಳಪೊರೆಯಲ್ಲಿ ರಕ್ತ ಇನ್ನೂ ಹರಿಯುತ್ತಿರುತ್ತದೆ. ಕರುಣೆಯಿಂದ ಚಿಪ್ಪು ಸುಲಿದವರ ಕೈಯಲ್ಲಿಯೇ ಎಷ್ಟೋ ಮರಿಗಳು ರಕ್ತ ಸೋರಿ ಸತ್ತಿವೆ. ಎರಡು ದಿನ ಕಳೆದರೂ ಬಿರುಕು ಮುಂದುವರಿಯದೆ ಪೊರೆ ಒಣಗಿ ಕಂದಾದರೆ ಮಾತ್ರ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ನೆನೆಸಿ, ರಂಧ್ರದ ಸುತ್ತ ಚೂರು ಚೂರೇ ಬಿಡಿಸಿ. ಒಂದು ಹನಿ ರಕ್ತ ಕಂಡರೂ ಕೈ ತೆಗೆಯಿರಿ.

ತುಪ್ಪುಳ ಒಣಗಿದ ಮರಿಗಳನ್ನು 32 ಡಿಗ್ರಿ ಬಿಸಿಯಿರುವ ಪೆಟ್ಟಿಗೆಗೆ ಸೇರಿಸಿ, ವಾರಕ್ಕೆ ಸುಮಾರು 3 ಡಿಗ್ರಿಯಂತೆ ಬಿಸಿ ಇಳಿಸುತ್ತಾ ಬನ್ನಿ. ನೆಲಕ್ಕೆ ದಿನಪತ್ರಿಕೆ ಹಾಸಿದರೆ ಜಾರಿ ಕಾಲು ಅಗಲುತ್ತದೆ, ಗೋಣಿಚೀಲ ಉತ್ತಮ. ಔಷಧ ಬೆರೆಸದ ಕೋಳಿಮರಿ ಆಹಾರ, ಸಣ್ಣಗೆ ಹೆಚ್ಚಿದ ಎಳೆಹುಲ್ಲು, ಜೊತೆಗೆ ಸ್ವಲ್ಪ ಬ್ರೂವರ್ಸ್ ಯೀಸ್ಟ್ ಕೊಡಿ, ಏಕೆಂದರೆ ಹೆಬ್ಬಾತಿನ ಮರಿಗಳಿಗೆ ಅದರಲ್ಲಿರುವ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಳಿಗಿಂತ ಹೆಚ್ಚು ಬೇಕು, ಕೊರತೆಯಾದರೆ ಕಾಲು ಬಲಹೀನವಾಗುತ್ತದೆ. ಕುಡಿಯುವ ನೀರಿನ ಪಾತ್ರೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ, ಮರಿ ಒಳಗೆ ಬೀಳುವಷ್ಟು ಅಗಲ ಬೇಡ. ತಾಯಿಯಿಲ್ಲದ ಮರಿಗಳ ತುಪ್ಪುಳ ಬೇಗ ನೆಂದು ಮೈ ತಣ್ಣಗಾಗುವುದರಿಂದ, ಗರಿ ಮೂಡುವ ತನಕ ಅವನ್ನು ತೊಟ್ಟಿಗೆ ಇಳಿಸಬೇಡಿ.