ಮಗು ಎನ್‌ಐಸಿಯುನಲ್ಲಿದ್ದಾಗ, ಮನೆಗೆ ಬಂದ ಮೇಲೆ: ಅಪ್ಪ ಅಮ್ಮ ತಮ್ಮ ಮನಸ್ಸನ್ನು ನೋಡಿಕೊಳ್ಳುವ ಬಗೆ

ಮಗು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯೊಳಗಿದ್ದಾಗ ಹೆತ್ತವರಿಗೆ ಎಲ್ಲರೂ ಹೇಳುವ ಮಾತು ‘ಧೈರ್ಯವಾಗಿರಿ’. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ಕೇಳಿಕೇಳಿ ಅಪ್ಪ ಅಮ್ಮ ಅಳು ನುಂಗಿಕೊಳ್ಳುತ್ತಾರೆ, ನರ್ಸ್ ವಿಚಾರಿಸಿದರೂ ‘ಚೆನ್ನಾಗಿದ್ದೇವೆ’ ಅನ್ನುತ್ತಾರೆ. ಮಗು ಮನೆಗೆ ಬಂದು, ಎಲ್ಲ ಮುಗಿಯಿತು ಎಂದು ನೆಂಟರು ನಿರಾಳವಾದ ಹೊತ್ತಿಗೆ ಇವರು ಕುಸಿಯುತ್ತಾರೆ. ಆದ್ದರಿಂದ ಮನಸ್ಸಿನ ಆರೈಕೆ ವಾರ್ಡಿನಲ್ಲೇ ಶುರುವಾಗಬೇಕು.

ಮೊದಲು ಮಾನಿಟರ್. ಅದರ ಕೂಗು ಎಷ್ಟೋ ಜನರ ಕಿವಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಯಾವ ಗೆರೆ ಎದೆಬಡಿತದ್ದು, ಯಾವುದು ಉಸಿರಿನದು, ಯಾವ ಅಂಕಿ ಆಮ್ಲಜನಕದ್ದು ಎಂದು ಮೊದಲ ದಿನವೇ ಕೇಳಿಕೊಳ್ಳಿ. ಮಗು ಕಾಲು ಒದ್ದು ಪಾದದ ಸೆನ್ಸರ್ ಸಡಿಲವಾದರೂ ಅಲಾರಾಂ ಆಗುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿನ ಮಿದುಳಿನಲ್ಲಿ ಉಸಿರಾಟದ ಕೇಂದ್ರ ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ನಡುನಡುವೆ ಉಸಿರು ನಿಲ್ಲುವುದುಂಟು. 20 ಸೆಕೆಂಡು ದಾಟಿದರೆ ಅದಕ್ಕೆ ಅಪ್ನಿಯಾ ಎನ್ನುತ್ತಾರೆ. ಅಲಾರಾಂ ಆದಾಗ ಪರದೆ ಬಿಟ್ಟು ಮಗುವಿನ ಬಣ್ಣ, ಎದೆಯ ಏರಿಳಿತ ನೋಡಿ. ಮಗು ನೀಲಿಗಟ್ಟಿದರೆ, ಬಿಳಿಚಿಕೊಂಡರೆ ತಕ್ಷಣ ನರ್ಸನ್ನು ಕರೆಯಿರಿ.

ಡಾಕ್ಟರ್ ರೌಂಡ್ಸಿಗೆ ಬರುವಾಗ ಕೈಯಲ್ಲೊಂದು ನೋಟ್‌ಬುಕ್ ಇರಲಿ. ಗಾಬರಿಯಲ್ಲಿ ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ನಿನ್ನೆಗಿಂತ ಏನು ಬದಲಾಗಿದೆ, ಇವತ್ತು ಯಾವುದರ ಮೇಲೆ ಕಣ್ಣಿಟ್ಟಿದ್ದೀರಿ, ನಾವು ಏನು ಮಾಡಬಹುದು ಎಂಬ ಮೂರು ಪ್ರಶ್ನೆ ಸಾಕು. ನೆಂಟರಿಗೆ ಸುದ್ದಿ ಮುಟ್ಟಿಸುವ ಕೆಲಸ ಮನೆಯ ಬೇರೆ ಒಬ್ಬರಿಗೆ ವಹಿಸಿ.

ಮಗುವನ್ನು ಮುಟ್ಟುವುದಕ್ಕೂ ಕ್ರಮವಿದೆ. ಒಂದು ಅಂಗೈಯನ್ನು ತಲೆಗೆ, ಇನ್ನೊಂದನ್ನು ಮಡಚಿದ ಕಾಲುಗಳಿಗೆ ಒತ್ತಾಗಿಟ್ಟು ಅಲುಗಿಸದೆ ಹಿಡಿಯಿರಿ. ಬೆರಳ ತುದಿಯಿಂದ ಸವರಿದರೆ ಎಳೆಯ ನರಗಳಿಗೆ ತಡೆಯಲಾಗುವುದಿಲ್ಲ: ಮಗು ಬೆರಳು ಅಗಲಿಸಿ ಕೈ ಚಾಚುತ್ತದೆ, ಮುಖ ಆಚೆ ತಿರುಗಿಸುತ್ತದೆ. ಅದನ್ನು ಕಂಡು ‘ನನ್ನ ಮಗುವಿಗೆ ನಾನೇ ಬೇಡ’ ಎಂದು ಒಳಗೊಳಗೇ ಕೊರಗುವ ತಾಯಂದಿರಿದ್ದಾರೆ. ಮಗುವಿಗೆ ಬೇಡವಾದದ್ದು ಆ ಸವರುವಿಕೆ ಮಾತ್ರ. ಡಾಕ್ಟರ್ ಒಪ್ಪಿದ ದಿನದಿಂದಲೇ ಕಾಂಗರೂ ಆರೈಕೆ, ಅಂದರೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಬರಿ ಎದೆಗೆ ಅಪ್ಪಿಕೊಳ್ಳುವುದನ್ನು, ಶುರು ಮಾಡಿ, ಅಪ್ಪನೂ ಮಾಡಲಿ. ಒಮ್ಮೆ ಎದೆಗಪ್ಪಿಕೊಂಡರೆ ಕನಿಷ್ಠ ಒಂದು ಗಂಟೆ ಕೂರಬೇಕು, ಪದೇಪದೇ ಎತ್ತಿ ಇಳಿಸಿದರೆ ಮಗು ಸುಸ್ತಾಗುತ್ತದೆ. ಕೂರುವ ಮೊದಲು ನೀರು ಕುಡಿದು, ಶೌಚಕ್ಕೆ ಹೋಗಿಬನ್ನಿ.

ನಿದ್ದೆಯೇ ದೊಡ್ಡ ತೊಡಕು. ಎದೆಹಾಲು ಇಳಿಯಬೇಕಾದರೆ ದಿನಕ್ಕೆ 8 ಸಲವಾದರೂ ಹಿಂಡಬೇಕು, ರಾತ್ರಿಯೂ ಸೇರಿ. ಹಗಲಿನ ಸರದಿಗಳನ್ನು ಹತ್ತಿರ ಮಾಡಿಕೊಂಡರೆ ರಾತ್ರಿ ಒಂದೇ ಪಟ್ಟಿಗೆ 4 ಗಂಟೆ ಮಲಗಬಹುದು. ಪಂಪಿನ ಭಾಗಗಳನ್ನು ತೊಳೆದಿಡುವ ಕೆಲಸ ಬೇರೆಯವರದಾಗಲಿ.

ಇನ್ನು ದಿನ ಲೆಕ್ಕ ಹಾಕಿ. ಹೆರಿಗೆಯಾದ ಎರಡು ಮೂರು ದಿನಕ್ಕೆ ಬರುವ ಅಳು, ಸಿಡುಕು ಎರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಖಿನ್ನತೆಯ ತಪಾಸಣೆ ಆಗಬೇಕು. ಆ ತಪಾಸಣೆಗೆ ಬಳಸುವ, 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ, ಎಲ್ಲವೂ ಹಿಂದಿನ 7 ದಿನಗಳ ಬಗ್ಗೆ. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಇದಕ್ಕೆ ‘ಅಪರೂಪಕ್ಕೊಮ್ಮೆ’ ಎಂದು ಉತ್ತರಿಸಿದ್ದರೂ ಅದೇ ದಿನ ಡಾಕ್ಟರಿಗೆ ತಿಳಿಸಬೇಕು. ಗಂಡಸರ ಖಿನ್ನತೆ ಅಳುವಾಗಿ ಕಾಣುವುದು ಕಡಿಮೆ, ಸಿಟ್ಟು, ಕುಡಿತ, ಬಿಡುವಿಲ್ಲದ ಕೆಲಸವಾಗಿ ಕಾಣುತ್ತದೆ. ಅಪ್ಪನನ್ನೂ ಕೂರಿಸಿ ಕೇಳಿ.

ಬಾಣಂತಿಗೆ ನಿದ್ದೆಯೇ ಬೇಡವಾಗಿ, ಮಾತು ತಾಳ ತಪ್ಪಿ, ಇಲ್ಲದ ದನಿ ಕೇಳಿಸತೊಡಗಿದರೆ ಅದು ಬಾಣಂತಿ ಸನ್ನಿ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಒಂದು ಕ್ಷಣವೂ ಒಬ್ಬಳನ್ನೇ ಬಿಡಬೇಡಿ.

ಬಿಡುಗಡೆಗೆ ಮುಂಚೆ ಒಂದೆರಡು ರಾತ್ರಿ ಆಸ್ಪತ್ರೆಯಲ್ಲೇ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲು ಅವಕಾಶ ಕೇಳಿ. ಉಸಿರು ನಿಂತರೆ ಏನು ಮಾಡಬೇಕೆಂದು ಗೊಂಬೆಯ ಮೇಲೆ ಕಲಿತುಕೊಳ್ಳಿ. ಮನೆಯಲ್ಲಿ ಮಾನಿಟರ್ ಇರುವುದಿಲ್ಲ. ಮೊದಲ ದಿನಗಳಲ್ಲಿ ರಾತ್ರಿ ಎದ್ದೆದ್ದು ಉಸಿರು ನೋಡುವುದು ಸಹಜ. ಮಗು ಚೆನ್ನಾಗಿದ್ದರೂ ನಿಮಗೆ ಕಣ್ಣು ಮುಚ್ಚಲಾಗದಿದ್ದರೆ, ಸ್ಯಾನಿಟೈಜರ್ ವಾಸನೆಗೇ ಎದೆ ಹೊಡೆದುಕೊಂಡರೆ, ವಾರ್ಡಿನ ದೃಶ್ಯ ಮತ್ತೆಮತ್ತೆ ಕಣ್ಮುಂದೆ ಬಂದರೆ, ಭಯಕ್ಕೆ ಮಗುವಿನ ತಪಾಸಣೆಯನ್ನೇ ಮುಂದೂಡುತ್ತಿದ್ದರೆ, ಮತ್ತು ಇದೆಲ್ಲ ಒಂದು ತಿಂಗಳು ದಾಟಿದರೆ, ಅದು ಮಾನಸಿಕ ಆಘಾತದ ಕಾಯಿಲೆ (ಪಿಟಿಎಸ್‌ಡಿ). ಅದಕ್ಕೆ ಮಾತಿನ ಚಿಕಿತ್ಸೆಯಿದೆ, ಗುಣವೂ ಆಗುತ್ತದೆ. ಮಾತ್ರೆ ಬೇಕಾದರೆ ಹಾಲುಣಿಸುತ್ತಿರುವುದನ್ನು ಮೊದಲೇ ಹೇಳಿ: ಖಿನ್ನತೆಗೂ ಈ ಕಾಯಿಲೆಗೂ ಕೊಡುವ ಸರ್ಟ್ರಾಲಿನ್ ಎಂಬ ಮಾತ್ರೆ ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ಸಾಮಾನ್ಯವಾಗಿ ಹಾಲು ಬಿಡಿಸಬೇಕಾಗುವುದಿಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ಅಷ್ಟರಲ್ಲಿ ನೀವಾಗಿ ನಿಲ್ಲಿಸಬೇಡಿ.