ಅಡ್ರಿನಲ್ ಹಾರ್ಮೋನ್ ತಯಾರಾಗದ ಕೂಸು: ಮಲೆನಾಡಿನ ಮನೆಗಳಲ್ಲಿ ಔಷಧಿ ಕೊಡುವ ಕ್ರಮ

ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಯಾರಿಸುವ ಕಾರ್ಟಿಸೋಲ್ ರಕ್ತದ ಸಕ್ಕರೆ, ಒತ್ತಡಗಳನ್ನು ಕಾಯುತ್ತದೆ. ಆಲ್ಡೋಸ್ಟಿರೋನ್ ಮೈಯ ಉಪ್ಪು ಮೂತ್ರದಲ್ಲಿ ಹರಿದುಹೋಗದಂತೆ ತಡೆಯುತ್ತದೆ. ಸಿಎಎಚ್ (ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ) ಎಂಬ ಹುಟ್ಟು ಕಾಯಿಲೆಯಲ್ಲಿ ಬಹುತೇಕ 21-ಹೈಡ್ರಾಕ್ಸಿಲೇಸ್ ಕಿಣ್ವದ ಕೊರತೆ ಇರುತ್ತದೆ. ತೀವ್ರವಾಗಿದ್ದರೆ ಎರಡೂ ಹಾರ್ಮೋನು ಸಾಲದೆ, ಗಂಡು ಹಾರ್ಮೋನು ಮಾತ್ರ ಹೆಚ್ಚಾಗುತ್ತದೆ. ಹೆಣ್ಣು ಕೂಸಿನ ಜನನಾಂಗ ಹುಟ್ಟುವಾಗಲೇ ಬೇರೆ ರೀತಿ ಕಾಣುವುದರಿಂದ ಸಂಶಯ ಬೇಗ ಬರುತ್ತದೆ. ಗಂಡು ಕೂಸು ನೋಡಲು ಸರಿಯಾಗಿಯೇ ಇರುತ್ತದೆ. ಎರಡನೇ, ಮೂರನೇ ವಾರದಲ್ಲಿ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ತೂಕ ಇಳಿಯುತ್ತದೆ. ದೃಷ್ಟಿ ತಾಗಿದೆ ಎಂದು ಎರಡು ದಿನ ಕಳೆದರೂ ಜೀವಕ್ಕೇ ಅಪಾಯ. ಹುಟ್ಟಿ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯ ರಕ್ತದಲ್ಲಿ, ಈ ಕಾಯಿಲೆಯಿದ್ದರೆ ಏರಿರುವ 17-ಒಎಚ್‌ಪಿ ಪರೀಕ್ಷೆ ಕೇಳಿ ಮಾಡಿಸಿ. ಸಂಬಂಧದಲ್ಲೇ ಮದುವೆಯಾಗಿದ್ದರೆ, ಹಿಂದಿನ ಕೂಸು ಹೀಗೆ ತೀರಿಕೊಂಡಿದ್ದರೆ ಬಿಡಲೇಬೇಡಿ.

ಡೋಸ್ ಗೊತ್ತುಮಾಡುವವರು ಮಕ್ಕಳ ವೈದ್ಯರು. ಕಾರ್ಟಿಸೋಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಸಾಮಾನ್ಯವಾಗಿ ಮೈಯ ಮೇಲ್ಮೈಯ ಒಂದು ಚದರ ಮೀಟರಿಗೆ ದಿನಕ್ಕೆ 10ರಿಂದ 15 ಮಿಲಿಗ್ರಾಂ. ನಾಲ್ಕು ಕಿಲೋ ಕೂಸಿನ ಮೇಲ್ಮೈ ಸುಮಾರು ಕಾಲು ಚದರ ಮೀಟರ್. ಅಂದರೆ ಎಂಟು ಗಂಟೆಗೊಮ್ಮೆ ಸುಮಾರು 1 ಮಿಲಿಗ್ರಾಂ. ಇಷ್ಟು ಸಣ್ಣ ಮಾತ್ರೆ ಅಂಗಡಿಯಲ್ಲಿ ಸಿಗುವುದಿಲ್ಲ. ವೈದ್ಯರು ಒಪ್ಪಿದರೆ 10 ಮಿಲಿಗ್ರಾಂ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, 10 ಮಿಲಿಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಕಲಕಿ, ಕಲಕುತ್ತಿರುವಾಗಲೇ ಸೂಜಿಯಿಲ್ಲದ ಸಿರಿಂಜಿನಲ್ಲಿ 1 ಮಿಲಿಲೀಟರ್ ಎಳೆಯಿರಿ. ಹೆಚ್ಚು ತಪ್ಪಾಗುವುದು ಇಲ್ಲಿಯೇ. ಪುಡಿ ಪೂರ್ತಿ ಕರಗುವುದಿಲ್ಲ, ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ; ಅರ್ಧ ನಿಮಿಷ ಬಿಟ್ಟು ಎಳೆದರೆ ಕೂಸಿಗೆ ಹೋಗುವುದು ಬರೀ ನೀರು. ಉಳಿದದ್ದನ್ನು ಮುಂದಿನ ಹೊತ್ತಿಗೆ ಇಡದೆ ಚೆಲ್ಲಿ. ಬಾಟಲಿ ಹಾಲಿಗೆ ಬೆರೆಸಬೇಡಿ, ಹಾಲು ಉಳಿದರೆ ಔಷಧಿಯೂ ಉಳಿಯಿತು.

ಉಪ್ಪು ಕಾಯುವ ಫ್ಲುಡ್ರೋಕಾರ್ಟಿಸೋನ್ ದಿನಕ್ಕೆ 0.05ರಿಂದ 0.2 ಮಿಲಿಗ್ರಾಂ. ಎಳೆ ಮೂತ್ರಪಿಂಡ ಈ ಹಾರ್ಮೋನಿಗೆ ಅಷ್ಟಾಗಿ ಸ್ಪಂದಿಸದು, ಎದೆಹಾಲಿನಲ್ಲಿ ಉಪ್ಪೂ ಕಡಿಮೆ. ಹಾಗಾಗಿ ಮೊದಲ ವರ್ಷ ದಿನಕ್ಕೆ 1ರಿಂದ 2 ಗ್ರಾಂ ಉಪ್ಪನ್ನೂ ಬರೆಯುತ್ತಾರೆ. ಔಷಧಿ ಅಂಗಡಿಯಲ್ಲಿ 5 ಗ್ರಾಂ ಪುಡಿ ಉಪ್ಪು ತೂಗಿಸಿ, ಆರಿಸಿದ ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿದರೆ, 20 ಮಿಲಿಲೀಟರಿನಲ್ಲಿ 1 ಗ್ರಾಂ ಇರುತ್ತದೆ. ದಿನಕ್ಕೆ 1 ಗ್ರಾಂ ಬರೆದಿದ್ದರೆ ಎಂಟು ಸಲದ ಹಾಲಿಗೆ ಎರಡೂವರೆ ಮಿಲಿಲೀಟರಿನಂತೆ ಹಂಚಿ. ದಿನವೂ ಹೊಸದು ಮಾಡಿ. ಚಮಚದ ಅಳತೆ ಬೇಡ; ಕಲ್ಲುಪ್ಪಿನ ಚಮಚವೇ ಬೇರೆ, ಪುಡಿಯುಪ್ಪಿನದೇ ಬೇರೆ.

ಆರೋಗ್ಯವಂತ ಕೂಸಿಗೆ ಜ್ವರ ಬಂದರೆ ಅದರ ಅಡ್ರಿನಲ್ ತಾನೇ ಕಾರ್ಟಿಸೋಲ್ ಏರಿಸುತ್ತದೆ. ಈ ಕೂಸಿಗೆ ನಾವೇ ಏರಿಸಬೇಕು. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು; ವೈದ್ಯರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದೇ ಆಗಲಿ. ಕೊಟ್ಟ ಅರ್ಧ ಗಂಟೆಯೊಳಗೆ ಕಕ್ಕಿದರೆ ಮತ್ತೊಮ್ಮೆ ಕೊಡಿ. ಮತ್ತೂ ಕಕ್ಕಿದರೆ, ಕೂಸು ಮಂಕಾಗಿ ಕೈಕಾಲು ತಣ್ಣಗಾದರೆ ಬಾಯಿಗೆ ಏನೂ ಬೇಡ, ಇಂಜೆಕ್ಷನ್ ಚುಚ್ಚಿ. 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಸಕ್ಸಿನೇಟ್ ವಯಲಿಗೆ 2 ಮಿಲಿಲೀಟರ್ ಸ್ಟೆರೈಲ್ ವಾಟರ್ ಹಾಕಿ, ತಿಳಿಯಾಗುವವರೆಗೆ ಮೆಲ್ಲಗೆ ಉರುಳಿಸಿ. ವರ್ಷದೊಳಗಿನ ಕೂಸಿಗೆ ಅರ್ಧ ಮಿಲಿಲೀಟರ್, ಅಂದರೆ 25 ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಕೊಡಲೋ ಬೇಡವೋ ಎಂದು ಅನುಮಾನವಾದರೆ ಕೊಡಿ. ಒಂದು ಡೋಸ್ ಹೆಚ್ಚಾದರೆ ಕೆಡುಕಿಲ್ಲ, ತಪ್ಪಿದರೆ ಜೀವ ಹೋದೀತು. ಚುಚ್ಚಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು, ಸಲೈನ್ ಮತ್ತು ಗ್ಲೂಕೋಸ್ ಬೇಕಾಗುತ್ತದೆ.

ಆಷಾಢದ ಮಳೆಯಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಯಿಂದ ಕಾಲುಸಂಕ ದಾಟಿ, 108ಕ್ಕೆ ಕಾದು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಟೆಗಳೇ ಹೋಗುತ್ತವೆ. ಅದಕ್ಕೇ ಇಂಜೆಕ್ಷನ್ ಮನೆಯಲ್ಲೇ ಇರಬೇಕು, ಚುಚ್ಚುವುದನ್ನು ಮನೆಯ ಇಬ್ಬರಾದರೂ ನರ್ಸಿನಿಂದ ಕಲಿತಿರಬೇಕು. ಮೇ ತಿಂಗಳಲ್ಲೇ ಎರಡು ತಿಂಗಳ ಮಾತ್ರೆ, ಎರಡು ವಯಲ್, ಸಿರಿಂಜು, ಥರ್ಮಾಮೀಟರ್, ವೈದ್ಯರ ಪತ್ರ ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಥಂಡಿಗೆ ಮಾತ್ರೆ ಮೆತ್ತಗಾಗುತ್ತದೆ, ಸ್ಟ್ರಿಪ್ಪಿನಿಂದ ಬಿಡಿಸಿಡಬೇಡಿ. ಬಾಣಂತಿ ತವರಿನಿಂದ ಹೊರಡುವಾಗ ಡಬ್ಬಿ ಅವಳ ಕೈಚೀಲದಲ್ಲೇ ಇರಲಿ.

ಕೂಸಿನ ತೂಕ ಏರಿದಂತೆ ಡೋಸ್ ಬದಲಾಗಬೇಕು. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆಯಾದರೂ ತೂಕ, ಉದ್ದ, ರಕ್ತದೊತ್ತಡ, ಸೋಡಿಯಂ, ಪೊಟ್ಯಾಸಿಯಂ ನೋಡಿಸಿ. ಮುಖ ಊದಿ ಉದ್ದ ಬೆಳೆಯದಿದ್ದರೆ ಹೈಡ್ರೋಕಾರ್ಟಿಸೋನ್ ಹೆಚ್ಚಾಗಿರಬಹುದು, ರಕ್ತದೊತ್ತಡ ಏರಿದ್ದರೆ ಫ್ಲುಡ್ರೋಕಾರ್ಟಿಸೋನ್ ಅಥವಾ ಉಪ್ಪು ಹೆಚ್ಚಾಗಿರಬಹುದು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ.